ನೀರು, ಒಳಚರಂಡಿ ಕೆಲಸದ ಲೈಸೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೈಪ್‌ಲೈನ್, ಯುಜಿಡಿ (ನೆಲದಡಿಯ ಒಳಚರಂಡಿ) ಕೆಲಸ ಮಾಡುವ ಸಣ್ಣ ಗುತ್ತಿಗೆದಾರರಿಗೆ ಟೆಂಡರ್ ಕಾಗದ ಜೋಡಿಸಿಕೊಡುವುದು ನನ್ನ ಕಸುಬು. ಅದಕ್ಕೂ ಮುಂಚೆ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಬೆಳಿಗ್ಗೆ ಕಾಫಿ ಮುಗಿಯುವಷ್ಟರಲ್ಲಿ ಫೋನ್ ಶುರುವಾಗುತ್ತದೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಇದು ಬೆಂಗಳೂರಿಗೂ ಕರ್ನಾಟಕದ ಬೇರೆ ಊರುಗಳಿಗೂ ಹೊಂದುತ್ತದೆ. ಫೀಸು ಮತ್ತು ದರ್ಜೆಯ ಮಿತಿಗಳನ್ನು ಬೇಕೆಂದೇ ಹಾಕಿಲ್ಲ. ಅವು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಕಚೇರಿಯಲ್ಲೇ ಕೇಳಿಕೊಳ್ಳಿ.

ಒಂದು ಲೈಸೆನ್ಸ್ ಮಾಡಿಸಿಕೊಂಡರೆ ಎಲ್ಲ ಕೆಲಸಕ್ಕೂ ನಡೆಯುತ್ತಾ?

ಇಲ್ಲ. ಎಡವುವುದೇ ಇಲ್ಲಿ. ಜನ 'ಲೈಸೆನ್ಸ್' ಅಂತ ಒಂದೇ ಮಾತಲ್ಲಿ ಹೇಳುವುದು ನಿಜಕ್ಕೂ ಮೂರು ಬೇರೆ ಬೇರೆ ವಿಷಯ.

ಮೊದಲನೆಯದು ಪ್ಲಂಬರ್ ಲೈಸೆನ್ಸ್. ಮನೆ, ಅಂಗಡಿ, ಅಪಾರ್ಟ್‌ಮೆಂಟಿನ ನೀರು ಮತ್ತು ಸ್ಯಾನಿಟರಿ ಕೆಲಸಕ್ಕೆ ಜಲಮಂಡಳಿಯೋ ಪಾಲಿಕೆಯೋ ಕೊಡುವುದು. ಎರಡನೆಯದು ಗುತ್ತಿಗೆದಾರರ ನೋಂದಣಿ, ಅಂದರೆ ಸರ್ಕಾರಿ ಕೆಲಸ ಹಿಡಿಯಲು ದರ್ಜೆವಾರು ಸಿಗುವ ಪತ್ರ. ಮೂರನೆಯದು ಟೆಂಡರ್ ಅರ್ಹತೆ. ಇದು ಕಾರ್ಡಲ್ಲ, ಪ್ರತಿ ಟೆಂಡರಿಗೂ ಹೊಸದಾಗಿ ಸಾಬೀತು ಮಾಡಬೇಕಾದ ಲೆಕ್ಕ. ಮೊದಲ ದರ್ಜೆಯ ನೋಂದಣಿ ಇದ್ದವರೂ ಈ ಮೂರನೆಯದರಲ್ಲಿ ಬಿದ್ದುಹೋಗುತ್ತಾರೆ.

ಮನೆಗೆ ನೀರಿನ ಕನೆಕ್ಷನ್ ಹಾಕಿಸಲು ಲೈಸೆನ್ಸ್ ಇರುವ ಪ್ಲಂಬರೇ ಬೇಕಾ? ನಮ್ಮ ಮೇಸ್ತ್ರಿಯ ಹುಡುಗ ಸಾಲದಾ?

ಬೆಂಗಳೂರಿನಲ್ಲಿ ಸಾಲದು. ಜಲಮಂಡಳಿ ನಡೆಯುವುದು 1964ರ ಕಾಯ್ದೆಯ ಮೇಲೆ. ಲೈಸೆನ್ಸ್ ಇರುವ ಪ್ಲಂಬರ್ ಅನ್ನುವ ಏರ್ಪಾಡು ಅದರ ಕಾಯ್ದೆ, ನಿಯಮಗಳಲ್ಲೇ ಇದೆ. ಮನೆಯೊಳಗೆ ಒಂದು ನಲ್ಲಿ ಬದಲಾಯಿಸಲು ಯಾರೂ ಬಂದು ಕೇಳುವುದಿಲ್ಲ, ಅದು ಬೇರೆ ಮಾತು. ಆದರೆ ರಸ್ತೆಯ ಪೈಪಿನಿಂದ ಹೊಸ ಕನೆಕ್ಷನ್, ಸ್ಯಾನಿಟರಿ ಲೈನನ್ನು ಮ್ಯಾನ್‌ಹೋಲಿಗೆ ಸೇರಿಸುವುದು, ಕನೆಕ್ಷನ್ ಜಾಗ ಬದಲಾಯಿಸುವುದು, ಇವೆಲ್ಲ ಅರ್ಜಿ, ಎಸ್ಟಿಮೇಟ್, ಹಣ ಕಟ್ಟಿದ ರಸೀದಿ, ಮಂಡಳಿಯ ಒಪ್ಪಿಗೆ ಎಲ್ಲ ಆದ ಮೇಲೇ ಆಗಬೇಕು.

ಕದ್ದು ಕನೆಕ್ಷನ್ ಹಾಕಿಕೊಡುವವರು ಸಿಗುತ್ತಾರೆ. ಫೆರೂಲ್ (ರಸ್ತೆಯ ಪೈಪಿಗೆ ನಿಮ್ಮ ಪೈಪು ಸೇರಿಸುವ ಬಿಡಿಭಾಗ) ಸರಿಯಾಗಿ ಕೂರದೆ ಸೋರಲು ಶುರುವಾದರೆ ನಿಮ್ಮ ಮನೆ ಮುಂದಿನ ರಸ್ತೆ ಕುಸಿಯುತ್ತದೆ. ಆಗ ಹಾಕಿಕೊಟ್ಟವನ ಫೋನ್ ಸ್ವಿಚ್ಡ್ ಆಫ್.

ಹದಿನೈದು ವರ್ಷದಿಂದ ಪ್ಲಂಬಿಂಗ್ ಮಾಡುತ್ತಿದ್ದೇನೆ, ಓದಿದ್ದು ಕಮ್ಮಿ. ನನಗೆ ಲೈಸೆನ್ಸ್ ಸಿಗುತ್ತಾ?

ಪ್ರಯತ್ನ ಪಡಿ, ಆದರೆ ಕೈಯಲ್ಲಿ ಕಾಗದ ಇಟ್ಟುಕೊಂಡು ಹೋಗಿ. ಐಟಿಐನಲ್ಲಿ ಪ್ಲಂಬರ್ ಟ್ರೇಡ್ ಒಂದು ವರ್ಷದ್ದು. ಅದಿದ್ದರೆ ಎಲ್ಲ ಕಡೆ ಮಾತು ಸುಲಭ. ಅದಿಲ್ಲದವರಿಗೆ ಈಗಾಗಲೇ ಬರುವ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಕೌಶಲ ಯೋಜನೆಗಳಿವೆ. ಹದಿನೈದು ವರ್ಷ ಕೆಲಸ ಮಾಡಿದವರಿಗೆ ಪರೀಕ್ಷೆ ಕಷ್ಟವೇನಲ್ಲ. ಕಷ್ಟ ಆಗುವುದು ಡ್ರಾಯಿಂಗ್ ಓದುವಾಗ. ಒಂದು ಮನೆಯ ಪ್ಲಂಬಿಂಗ್ ಪ್ಲಾನ್ ಮುಂದಿಟ್ಟುಕೊಂಡು ನಾಲ್ಕು ದಿನ ಅಭ್ಯಾಸ ಮಾಡಿ ಹೋಗಿ.

ಮಳೆನೀರು ಕೊಯ್ಲಿನ ತರಬೇತಿಯನ್ನೂ ಜೊತೆಗೆ ತೆಗೆದುಕೊಂಡರೆ ಒಳ್ಳೆಯದು. ಬೆಂಗಳೂರಲ್ಲಿ 2009ರಿಂದ ಅದು ಕಡ್ಡಾಯ. 60×40ರ ಹಳೇ ಮನೆಗಳಿಗೂ 30×40ರ ಹೊಸ ಮನೆಗಳಿಗೂ ಬೇಕು. ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಪಾರ್ಕೇ ಇದೆ. ಒಮ್ಮೆ ಹೋಗಿ ಬನ್ನಿ, ಮಾದರಿಗಳನ್ನು ಕಣ್ಣಾರೆ ನೋಡಬಹುದು. ಪ್ಲಂಬಿಂಗ್ ಗೊತ್ತಿದ್ದು ಇದೂ ಗೊತ್ತಿರುವವರಿಗೆ ಕೆಲಸಕ್ಕೆ ಬರ ಇಲ್ಲ.

ಬೆಂಗಳೂರಿನ ಲೈಸೆನ್ಸ್ ಮೈಸೂರು, ಹುಬ್ಬಳ್ಳಿಯಲ್ಲಿ ನಡೆಯುತ್ತಾ?

ತಾನಾಗಿ ನಡೆಯುವುದಿಲ್ಲ. ಜಲಮಂಡಳಿಯ ವ್ಯಾಪ್ತಿ ಬೆಂಗಳೂರಿನದು ಮಾತ್ರ. ಉಳಿದ ಊರುಗಳಲ್ಲಿ ದೊಡ್ಡ ಯೋಜನೆಗಳನ್ನು ಸಾಮಾನ್ಯವಾಗಿ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅದರ ಕಾಯ್ದೆ 1973ರದ್ದು. ದಿನನಿತ್ಯದ ಕನೆಕ್ಷನ್ ಕೆಲಸ ಪಾಲಿಕೆ, ನಗರಸಭೆ, ಪುರಸಭೆಯ ಕೈಲಿ. ಮೈಸೂರಿನಲ್ಲಿ ಜನ ಈಗಲೂ 'ವಾಣಿ ವಿಲಾಸ' ಅಂತಲೇ ಹೇಳುವ ನೀರಿನ ಕಚೇರಿ ಪಾಲಿಕೆಯದು. ಹೊಸ ಊರಿನಲ್ಲಿ ಕೆಲಸ ಹಿಡಿದರೆ ಮೊದಲು ಅಲ್ಲಿನ ನೀರಿನ ವಿಭಾಗದಲ್ಲಿ ಹೆಸರು ಬರೆಸಿಕೊಳ್ಳಿ.

ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ. ಜಲಜೀವನ್ ಮಿಷನ್ ಕೆಲಸಗಳನ್ನು ಜಿಲ್ಲೆಯ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯವರು ನೋಡುತ್ತಾರೆ. ಹಳ್ಳಿ ಕೆಲಸಕ್ಕೆ ಒಂದು ಕಿವಿಮಾತು: ಹಳೇ ಪೈಪು ಎಲ್ಲೆಲ್ಲಿ ಹಾದುಹೋಗಿದೆ ಅನ್ನುವ ನಕ್ಷೆ ನೀರುಗಂಟಿಯ ತಲೆಯಲ್ಲಿರುತ್ತದೆ. ಜೆಸಿಬಿ ಇಳಿಸುವ ಮುಂಚೆ ಅವನನ್ನು ಕರೆದುಕೊಂಡು ಒಂದು ಸುತ್ತು ಹಾಕಿ.

ಸರ್ಕಾರಿ ಪೈಪ್‌ಲೈನ್ ಕೆಲಸ ಹಿಡಿಯಲು ಎಲ್ಲಿ ನೋಂದಣಿ ಮಾಡಿಸಬೇಕು?

ಸಾಮಾನ್ಯ ದಾರಿ ಲೋಕೋಪಯೋಗಿ ಇಲಾಖೆಯದು. ದರ್ಜೆಗಳಿವೆ. ಯಾವ ದರ್ಜೆಯವರು ಎಷ್ಟು ಮೊತ್ತದವರೆಗಿನ ಕೆಲಸ ಹಿಡಿಯಬಹುದು ಅನ್ನುವ ಮಿತಿ ಇದೆ. ಹೆಚ್ಚಿನ ಇಲಾಖೆಗಳು ಈ ಪತ್ರವನ್ನು ಒಪ್ಪುತ್ತವೆ. ಕೆಲವು ಮಂಡಳಿಗಳು ತಮ್ಮಲ್ಲೂ ಹೆಸರು ಬರೆಸಿ ಅನ್ನುತ್ತವೆ. ಟೆಂಡರ್ ಪುಸ್ತಕದ ಮೊದಲ ಪುಟಗಳಲ್ಲೇ ಅದನ್ನು ಬರೆದಿರುತ್ತಾರೆ. ಆ ಪುಟಗಳನ್ನು ಯಾರೂ ಓದುವುದಿಲ್ಲ, ಸೀದಾ ರೇಟಿನ ಪುಟಕ್ಕೆ ಹೋಗುತ್ತಾರೆ!

ಕಾಗದಗಳು ಅಂದರೆ ಪ್ಯಾನ್, ಜಿಎಸ್‌ಟಿ, ಬ್ಯಾಂಕಿನ ಸಾಲ್ವೆನ್ಸಿ ಪತ್ರ (ನಿಮಗೆ ಇಷ್ಟು ಹಣದ ತಾಕತ್ತಿದೆ ಅಂತ ಬ್ಯಾಂಕ್ ಬರೆದುಕೊಡುವುದು), ಸಿಎ ಸಹಿ ಮಾಡಿದ ವಹಿವಾಟಿನ ಪಟ್ಟಿ, ಮಾಡಿದ ಕೆಲಸಗಳ ಸರ್ಟಿಫಿಕೇಟ್. ಮೇಲಿನ ದರ್ಜೆಗೆ ಇಂಜಿನಿಯರ್ ಮತ್ತು ಯಂತ್ರಗಳ ವಿವರವೂ ಬೇಕಾಗುತ್ತದೆ. ಸಾಲ್ವೆನ್ಸಿ ಪತ್ರಕ್ಕೆ ಬ್ಯಾಂಕಿನಲ್ಲಿ ಸಮಯ ಹಿಡಿಯುತ್ತದೆ. ಮೊದಲು ಅದರ ಹಿಂದೆ ಬೀಳಿ, ಉಳಿದದ್ದು ಒಂದು ವಾರದ ಕೆಲಸ.

ಉದ್ಯಮ್ ಸರ್ಟಿಫಿಕೇಟ್ ಇದೆ. ಅದು ಲೈಸೆನ್ಸ್ ಅಲ್ವಾ?

ಅಲ್ಲ. ನೀವೊಂದು ಸಣ್ಣ ಉದ್ದಿಮೆ ಅಂತ ಹೇಳುವ ಪತ್ರ ಅದು, ಅಷ್ಟೇ. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಅದಕ್ಕೆ ಎರಡು ಸಾವಿರ ಕೊಟ್ಟು ಬಂದವರನ್ನು ನೋಡಿದ್ದೇನೆ.

ಟೆಂಡರ್ ಹಾಕುವುದು ಎಲ್ಲಿ?

ಕೆಪಿಪಿಪಿ ಅನ್ನುವ ರಾಜ್ಯ ಸರ್ಕಾರದ ಖರೀದಿ ಪೋರ್ಟಲ್ಲಿನಲ್ಲಿ. ಸರ್ಕಾರದ ಖರೀದಿ, ಕಾಮಗಾರಿಗಳಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಪೋರ್ಟಲ್ ಅದರಡಿ ನಡೆಯುತ್ತದೆ. ನಿಮ್ಮ ಹೆಸರಿನಲ್ಲಿ ಡಿಜಿಟಲ್ ಸಹಿ ಬೇಕು. ಇಎಂಡಿ ಅಂದರೆ ಮುಂಗಡ ಠೇವಣಿಯನ್ನೂ ಆನ್‌ಲೈನಿನಲ್ಲೇ ಕಟ್ಟಬೇಕು. ಕೊನೇ ದಿನ ಸಂಜೆಯವರೆಗೆ ಕಾಯಬೇಡಿ. ಸರ್ವರ್ ನಿಂತರೆ 'ಸರ್ವರ್ ನಿಂತಿತ್ತು ಸಾರ್' ಅಂದರೆ ಕೇಳುವವರು ಯಾರೂ ಇಲ್ಲ. ಡಿಜಿಟಲ್ ಸಹಿಯ ಡಾಂಗಲ್ ಮತ್ತು ಪಾಸ್‌ವರ್ಡ್ ಎರಡನ್ನೂ ಕಂಪ್ಯೂಟರ್ ಸೆಂಟರ್ ಹುಡುಗನ ಹತ್ತಿರ ಬಿಟ್ಟುಬರುವ ಅಭ್ಯಾಸ ಬಹಳ ಜನಕ್ಕಿದೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಬಿಟ್ಟುಬಂದ ಹಾಗೆ ಅದು.

ಒಂಬತ್ತು ವರ್ಷ ದೊಡ್ಡ ಕಂಟ್ರಾಕ್ಟರ್ ಕೆಳಗೆ ಪೈಪ್ ಹಾಕಿದ್ದೇನೆ. ಆ ಅನುಭವ ಲೆಕ್ಕಕ್ಕೆ ಬರುತ್ತಾ?

ಫೋನಿನಲ್ಲಿ ಅತಿ ಹೆಚ್ಚು ಬೇಜಾರಿನಿಂದ ಉತ್ತರ ಹೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಬರುವುದಿಲ್ಲ.

ದೊಡ್ಡ ಕಾಮಗಾರಿಗಳ ಟೆಂಡರ್ ನಮೂನೆಗೆ ಕೆಡಬ್ಲ್ಯೂ-4 ಅಂತ ಹೆಸರು. ಅದರಲ್ಲಿ ಕೇಳುವುದು 'ಮುಖ್ಯ ಗುತ್ತಿಗೆದಾರನಾಗಿ' ಇದೇ ಥರದ ಒಂದು ಕೆಲಸ ಮುಗಿಸಿದ್ದೀರಾ ಅಂತ. ಪೀಸ್ ವರ್ಕ್ ಅಂತ ಮೀಟರಿಗಿಷ್ಟು ಲೆಕ್ಕದಲ್ಲಿ ಹಾಕಿದ ಪೈಪಿಗೆ ಕಾಗದ ಎಲ್ಲಿದೆ? ಎಂ.ಬಿ. ಅಂದರೆ ಅಳತೆ ಪುಸ್ತಕದಲ್ಲಿ ಬರೆದದ್ದು ದೊಡ್ಡವರ ಹೆಸರಿನಲ್ಲಿ. ಬಿಲ್ ಆದದ್ದು ಅವರ ಖಾತೆಗೆ. ನಿಮಗೆ ಬಂದದ್ದು ಶನಿವಾರದ ಬಟವಾಡೆಯ ನಗದು. ನಮ್ಮ ಪರಿಚಯದ ಒಬ್ಬರು ಊರಿನ ಅರ್ಧ ಯುಜಿಡಿ ಲೈನ್ ಹಾಕಿದವರು. ಯಾವ ಮ್ಯಾನ್‌ಹೋಲ್ ಎಷ್ಟು ಆಳ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಟೆಂಡರ್ ಹಾಕಲು ಕೂತರೆ ಅವರ ಫೈಲಿನಲ್ಲಿ ಆಧಾರ್ ಬಿಟ್ಟರೆ ಇನ್ನೇನೂ ಇರಲಿಲ್ಲ.

ಹಾಗಾಗಿ ಮೂರು ಕೆಲಸ ಮಾಡಿ. ಹಣವನ್ನು ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ, ತೆರಿಗೆ ಹಿಡಿದಿದ್ದಕ್ಕೆ ಸರ್ಟಿಫಿಕೇಟ್ ಕೇಳಿ, ಆದಾಯ ತೆರಿಗೆ ರಿಟರ್ನ್ ಹಾಕಿ. ಇದರಿಂದ ವಹಿವಾಟಿನ ಲೆಕ್ಕವಾದರೂ ನಿಲ್ಲುತ್ತದೆ. ಎರಡನೆಯದು, ಪಂಚಾಯಿತಿಯದೋ ಪುರಸಭೆಯದೋ ಎರಡು ಮೂರು ಲಕ್ಷದ ಸಣ್ಣ ಕೆಲಸವನ್ನಾದರೂ ನಿಮ್ಮ ಹೆಸರಿನಲ್ಲೇ ಹಿಡಿಯಿರಿ. ಲಾಭ ಇಲ್ಲದಿದ್ದರೂ ಚಿಂತೆಯಿಲ್ಲ. ಮೂರನೆಯದು, ಕೆಲಸ ಮುಗಿದ ತಿಂಗಳಲ್ಲೇ ಕೆಲಸದ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಇಂಜಿನಿಯರ್ ವರ್ಗ ಆಗಿ ಹೋದ ಮೇಲೆ ಅವರನ್ನು ಹುಡುಕಿಕೊಂಡು ಬೀದರಿಗೆ ಹೋಗಬೇಕಾಗುತ್ತದೆ. ಸರ್ಟಿಫಿಕೇಟಿನಲ್ಲಿ ಪೈಪಿನ ಜಾತಿ, ವ್ಯಾಸ, ಉದ್ದ, ಮೊತ್ತ, ಶುರು ಮತ್ತು ಮುಗಿದ ದಿನ ಎಲ್ಲ ಇರಬೇಕು. 'ತೃಪ್ತಿಕರವಾಗಿ ಮುಗಿಸಿದ್ದಾರೆ' ಅಂತ ಒಂದು ಸಾಲು ಇದ್ದರೆ ಏನೂ ಉಪಯೋಗವಿಲ್ಲ.

ಇನ್ನೊಂದು ಗುಂಡಿ ಇದೆ. ನಿಮ್ಮ ಸ್ವಂತ ಹೆಸರಿನಲ್ಲಿದ್ದ ಅನುಭವ, ನಾಳೆ ನೀವು ಪಾಲುದಾರಿಕೆ ಫರ್ಮ್ ಮಾಡಿದರೆ ಅದರ ಜೊತೆ ತಾನಾಗಿ ಬರುವುದಿಲ್ಲ. ಅಣ್ಣ ತಮ್ಮ ಸೇರಿ ಫರ್ಮ್ ಮಾಡುವ ಮುಂಚೆ ಸಿಎ ಹತ್ತಿರ ಕೂತು ಮಾತಾಡಿ.

ಬಿಡ್ ಕೆಪಾಸಿಟಿ ಅಂತ ತಳ್ಳಿಹಾಕಿದರು. ಏನದು?

ನಿಮ್ಮ ತಲೆ ಮೇಲೆ ಈಗಾಗಲೇ ಎಷ್ಟು ಭಾರ ಇದೆ, ಇನ್ನೆಷ್ಟು ಹೊರಬಲ್ಲಿರಿ ಅನ್ನುವ ಲೆಕ್ಕ. ಸೂತ್ರ ಹೀಗಿದೆ: ಎ × ಎನ್ × 1.5 – ಬಿ. ಎ ಅಂದರೆ ಕಳೆದ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಮೊತ್ತದ ಕೆಲಸ. ಎನ್ ಅಂದರೆ ಈ ಹೊಸ ಕೆಲಸಕ್ಕೆ ಕೊಟ್ಟ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಅಂದರೆ ಅದೇ ಅವಧಿಯಲ್ಲಿ ಮುಗಿಸಬೇಕಾದ ನಿಮ್ಮ ಹಳೇ ಬಾಕಿ ಕೆಲಸ.

ಒಂದು ವರ್ಷದಲ್ಲಿ 60 ಲಕ್ಷದ ಕೆಲಸ ಮಾಡಿದ್ದೀರಿ, ಬಾಕಿ 40 ಲಕ್ಷ ಇದೆ ಅಂತಿಟ್ಟುಕೊಳ್ಳಿ. ಹೊಸ ಕೆಲಸದ ಅವಧಿ ಒಂದು ವರ್ಷವಾದರೆ 90ರಲ್ಲಿ 40 ಕಳೆದು 50 ಲಕ್ಷ. ಅವಧಿ ಆರೇ ತಿಂಗಳಾಗಿದ್ದು ಬಾಕಿ 40 ಲಕ್ಷವನ್ನೂ ಅಷ್ಟರಲ್ಲೇ ಮುಗಿಸಬೇಕಿದ್ದರೆ 45ರಲ್ಲಿ 40 ಹೋಗಿ ಉಳಿಯುವುದು 5 ಲಕ್ಷ. ಅವಧಿ ಕಮ್ಮಿ ಇರುವ ಟೆಂಡರಿನಲ್ಲಿ ಬಹಳ ಜನ ಮುಗ್ಗರಿಸುವುದು ಇದಕ್ಕೇ. ಇಎಂಡಿ ಕಟ್ಟುವ ಮುಂಚೆ ಒಂದು ಚೀಟಿಯಲ್ಲಿ ಈ ಲೆಕ್ಕ ಹಾಕಿ ನೋಡಿ. ಬಾಕಿ ಕೆಲಸ ಮುಚ್ಚಿಡುವ ಉಪಾಯ ಮಾತ್ರ ಬೇಡ, ಸುಳ್ಳು ವಿವರ ಕೊಟ್ಟವರನ್ನು ಕಪ್ಪುಪಟ್ಟಿಗೆ ಹಾಕುತ್ತಾರೆ.

ಮೀಸಲಾತಿ ಇದೆಯಾ?

ಇದೆ. ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95. ಇದು ಮೊದಲು 50 ಲಕ್ಷದವರೆಗಿನ ಕೆಲಸಕ್ಕೆ ಇತ್ತು, 2023ರಲ್ಲಿ 1 ಕೋಟಿಗೆ ಏರಿತು. ಆಮೇಲೆ ಪ್ರವರ್ಗ-1ಕ್ಕೆ ಶೇ. 4, 2ಎಗೆ ಶೇ. 15 ಸೇರಿತು. ಜಾತಿ ಪ್ರಮಾಣಪತ್ರದಲ್ಲಿರುವ ಹೆಸರೂ ನೋಂದಣಿಯ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ.

ವರ್ಕ್ ಆರ್ಡರ್ ಕೈಗೆ ಬಂತು. ನಾಳೆಯೇ ರಸ್ತೆ ಅಗೆಯಬಹುದಾ?

ಬೇಡ. ನೀರಿನವರ ಆರ್ಡರ್ ಬೇರೆ, ರಸ್ತೆಯವರ ಒಪ್ಪಿಗೆ ಬೇರೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರುತ್ತದೆ ಅಂತ ಮೊದಲು ನೋಡಿಕೊಳ್ಳಿ. ದೊಡ್ಡ ರಸ್ತೆಯಾದರೆ ಟ್ರಾಫಿಕ್ ಪೊಲೀಸರ ಒಪ್ಪಿಗೆಯೂ ಬೇಕು. ಕರೆಂಟಿನ ಕೇಬಲ್, ಗ್ಯಾಸ್ ಪೈಪು, ಫೈಬರ್ ಎಲ್ಲಿದೆ ಅಂತ ಆಯಾ ಕಂಪನಿಯವರನ್ನು ಕರೆಸಿ ಕೇಳಿ.

ಕೆಲಸಗಾರರಿಗೆ ಸಂಬಂಧಿಸಿದ ಕಾಗದಗಳು?

10 ಜನ ಆದರೆ ಇಎಸ್‌ಐ, 20 ಆದರೆ ಪಿಎಫ್. ಗುತ್ತಿಗೆ ಕಾರ್ಮಿಕರ ಲೈಸೆನ್ಸ್ 1970ರ ಕಾಯ್ದೆಯಲ್ಲಿ 20 ಜನರಿಂದ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 50. ಆದರೂ ಟೆಂಡರಿನಲ್ಲಿ ಕೇಳಿದ್ದರೆ ಕೊಡಲೇಬೇಕು. ನಿಮ್ಮ ಹುಡುಗರನ್ನು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಕು. ನಿಮ್ಮ ಬಿಲ್ಲಿನಿಂದ ಶೇ. 1 ಸೆಸ್ ಹೇಗೂ ಅಲ್ಲಿಗೆ ಹೋಗುತ್ತದೆ, ಅದರ ಪ್ರಯೋಜನ ಅವರಿಗೆ ಸಿಗಲಿ.

ಯುಜಿಡಿ ಲೈಸೆನ್ಸ್ ಇದ್ದರೆ ಬ್ಲಾಕ್ ಆದ ಮ್ಯಾನ್‌ಹೋಲಿಗೆ ಜನ ಇಳಿಸಬಹುದಾ?

ಇಳಿಸಬಾರದು. ಯಾವ ಲೈಸೆನ್ಸ್ ಇದ್ದರೂ ಇಲ್ಲ, ಯಾವ ದರ್ಜೆಯವರಾದರೂ ಇಲ್ಲ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ 7ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ: ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ, ಏಜೆನ್ಸಿ, ನೇರವಾಗಿ ಆಗಲಿ ಬೇರೆಯವರ ಮೂಲಕ ಆಗಲಿ, ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ಹಚ್ಚುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷ. ಇದು ಜಾಮೀನು ಸಿಗದ ಅಪರಾಧ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

'ಐದೇ ನಿಮಿಷ ಸಾರ್, ಕೋಲು ಹಾಕಿ ಬಂದುಬಿಡ್ತಾನೆ' ಅನ್ನುವ ಮಾತನ್ನು ನಾನೂ ಸೈಟಿನಲ್ಲಿ ಕೇಳಿದ್ದೇನೆ. ಕೊಳೆತ ಮೊಟ್ಟೆ ವಾಸನೆಯ ಆ ಗಾಳಿ ಸ್ವಲ್ಪ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಅಂತ ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಒಂದು ಗುಂಡಿಯಲ್ಲಿ ಇಬ್ಬರು ಮೂವರು ಸಾಯುವುದು ಹೀಗೆ. ಬೆಂಕಿಕಡ್ಡಿ ಗೀರಿ ನೋಡುವುದಂತೂ ಹುಚ್ಚುತನ, ಒಳಗೆ ಹೊತ್ತಿಕೊಳ್ಳುವ ಗಾಳಿಯೂ ಇರುತ್ತದೆ.

ಜೆಟ್ಟಿಂಗ್ ಗಾಡಿ, ಸಕ್ಕಿಂಗ್ ಗಾಡಿ ಕರೆಸಿ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ, ಬೇರೆ ಕಡೆ 14420ಕ್ಕೆ ಫೋನ್ ಮಾಡಿ. ಇದು ಮನೆ ಮಾಲೀಕರಿಗೂ ಅನ್ವಯ. ಪಿಟ್ ಖಾಲಿ ಮಾಡಲು ಇಬ್ಬರನ್ನು ಕರೆತಂದು ಐನೂರು ಜಾಸ್ತಿ ಕೊಟ್ಟರೆ ಕೇಸು ನಿಮ್ಮ ಮೇಲೂ ಬೀಳುತ್ತದೆ.

ಹೊಸ ಲೈನಿಗೆ ಅಗೆದ ಟ್ರೆಂಚಿನಲ್ಲಿ ಇಳಿಯುವುದಕ್ಕೂ ನಿಯಮ ಇದೆಯಾ?

ಇದೆ, ಟೆಂಡರ್ ಪುಸ್ತಕದ ಸುರಕ್ಷತೆಯ ಭಾಗದಲ್ಲಿರುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮ ಹೀಗಿದೆ: 1.2 ಮೀಟರ್ ಆಳ ಆದರೆ 30 ಮೀಟರಿಗೊಂದು ಏಣಿ. 1.5 ಮೀಟರ್ ಆದರೆ ಪಕ್ಕಗಳನ್ನು ಇಳಿಜಾರು ಮಾಡಬೇಕು ಅಥವಾ ಹಲಗೆ ಕೊಟ್ಟು ತಡೆಯಬೇಕು. ಅಗೆದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಯಾವುದು ಜಾಸ್ತಿಯೋ ಅಷ್ಟು ದೂರ ಇರಬೇಕು. ನಮ್ಮ ಓಣಿಗಳಲ್ಲಿ ಅಷ್ಟು ಜಾಗ ಎಲ್ಲಿದೆ ಅಂತೀರಿ. ಇಲ್ಲದಿದ್ದರೆ ಮಣ್ಣು ಸಾಗಿಸಲೇಬೇಕು. ಆ ಖರ್ಚನ್ನು ರೇಟಿನಲ್ಲೇ ಸೇರಿಸಿ.

ಪಂಪ್‌ಹೌಸ್, ಬೋರ್‌ವೆಲ್ ಕೆಲಸವನ್ನೂ ಇದೇ ಲೈಸೆನ್ಸಿನಲ್ಲಿ ಮಾಡಬಹುದಾ?

ಪೈಪು ಹಾಕಬಹುದು. ಪ್ಯಾನೆಲ್, ವೈರಿಂಗ್, ಮೋಟರ್ ಕನೆಕ್ಷನ್‌ಗೆ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಎಲೆಕ್ಟ್ರಿಕಲ್ ಲೈಸೆನ್ಸ್ ಇರುವವರು ಬೇಕು. ಬೋರ್ ಕೊರೆಯುವ ಗಾಡಿಗೆ ಅಂತರ್ಜಲ ಕಾಯ್ದೆಯಡಿ ಬೇರೆಯೇ ನೋಂದಣಿ.

ಕೆಲಸ ಸರಿಯಾಗಿದೆ ಅಂತ ಹೇಗೆ ತೋರಿಸಬೇಕು?

ನೀರಿನ ಲೈನಿಗೆ ಒತ್ತಡದ ಪರೀಕ್ಷೆ. ಟ್ರೆಂಚ್ ಪೂರ್ತಿ ಮುಚ್ಚುವ ಮುಂಚೆ ಮಾಡಿ, ಜಾಯಿಂಟು ಕಣ್ಣಿಗೆ ಕಾಣುತ್ತಿರಲಿ.

ಒಳಚರಂಡಿಗೆ ಹಳೇ ಕಾಲದ ಒಂದು ಚೆಂದದ ಪರೀಕ್ಷೆ ಇದೆ. ಪೈಪಿನ ಒಳವ್ಯಾಸಕ್ಕಿಂತ 13 ಮಿಲಿಮೀಟರ್ ಸಣ್ಣ ಇರುವ ನಯವಾದ ಚೆಂಡನ್ನು ಮೇಲಿನ ಮ್ಯಾನ್‌ಹೋಲಿನಿಂದ ಬಿಡುತ್ತಾರೆ. ಉರುಳಿಕೊಂಡು ಕೆಳಗಿನ ಮ್ಯಾನ್‌ಹೋಲಿಗೆ ಬಂದರೆ ಒಳಗೆ ಸಿಮೆಂಟ್ ಗಂಟು ಇಲ್ಲ ಅಂತ ಅರ್ಥ. ಆಮೇಲೆ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಕನ್ನಡಿ. ಕನ್ನಡಿಯಲ್ಲಿ ಬೆಳಕು ಪೂರ್ತಿ ದುಂಡಗೆ ಕಂಡರೆ ಲೈನ್ ನೆಟ್ಟಗಿದೆ. ನನ್ನ ಮೊದಲ ಸೈಟಿನಲ್ಲಿ ಕಂಡದ್ದು ಅರ್ಧಚಂದ್ರ. ಎಂಟು ಪೈಪು ಕಿತ್ತು ಮತ್ತೆ ಹಾಕಿದೆವು, ಆ ತಿಂಗಳ ಲಾಭ ಅಲ್ಲೇ ಹೂತುಹೋಯಿತು.

ನೀರಿನ ಪೈಪಿಗೂ ಒಳಚರಂಡಿಗೂ 3 ಮೀಟರ್ ಅಂತರ ಇರಬೇಕು. ಜಾಗ ಇಲ್ಲದಿದ್ದರೆ ಬೇರೆ ಟ್ರೆಂಚಿನಲ್ಲಿ, ನೀರಿನ ಪೈಪಿನ ತಳ ಒಳಚರಂಡಿ ಪೈಪಿನ ನೆತ್ತಿಗಿಂತ ಅರ್ಧ ಮೀಟರಾದರೂ ಮೇಲಿರಬೇಕು. ನಲ್ಲಿಯಲ್ಲಿ ಕೊಳಚೆ ವಾಸನೆ ಬರುವ ಬೀದಿಗಳಲ್ಲಿ ಇದನ್ನೇ ಮೊದಲು ನೋಡಬೇಕು.

ಬಿಲ್ಲಿನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ?

ಜಿಎಸ್‌ಟಿ ಬಿಟ್ಟು 10 ಲಕ್ಷದ ಬಿಲ್ ಅಂತಿಟ್ಟುಕೊಳ್ಳಿ. ಗುತ್ತಿಗೆ ಎರಡೂವರೆ ಲಕ್ಷ ದಾಟಿದ್ದರಿಂದ ಜಿಎಸ್‌ಟಿ ಟಿಡಿಎಸ್ ಶೇ. 2, ಅಂದರೆ 20 ಸಾವಿರ. ಆದಾಯ ತೆರಿಗೆ ಒಬ್ಬರ ಹೆಸರಿನಲ್ಲಿದ್ದರೆ ಶೇ. 1, ಫರ್ಮ್ ಆದರೆ ಶೇ. 2. ಕಾರ್ಮಿಕ ಸೆಸ್ 10 ಸಾವಿರ. ಠೇವಣಿ ಶೇ. 5 ಅಂತಾದರೆ 50 ಸಾವಿರ. ಒಬ್ಬರ ಹೆಸರಿನಲ್ಲೇ ಆದರೂ 90 ಸಾವಿರ ಹೋಯಿತು. ಮರಳು, ಜಲ್ಲಿಗೆ ಪರ್ಮಿಟ್ ತೋರಿಸದಿದ್ದರೆ ರಾಯಲ್ಟಿ ಬೇರೆ. ಇದರಲ್ಲಿ ತೆರಿಗೆ ಹಣ ನಿಮ್ಮ ಲೆಕ್ಕಕ್ಕೇ ಜಮಾ ಆಗುತ್ತದೆ, ರಿಟರ್ನ್ ಹಾಕಿದವರಿಗೆ ಮಾತ್ರ ಅದು ಸಿಗುತ್ತದೆ.

ನನ್ನ ಲೈಸೆನ್ಸನ್ನು ಗೆಳೆಯನಿಗೆ ಕೊಟ್ಟರೆ ಏನಾಗುತ್ತದೆ? ಅವನು ಶೇಕಡಾ ಇಷ್ಟು ಅಂತ ಕೊಡುತ್ತಾನಂತೆ.

ಪೇಟೆಯಲ್ಲಿ ಇದು ನಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಒಪ್ಪಂದಕ್ಕೆ ಸಹಿ ನಿಮ್ಮದು. ಟ್ರೆಂಚ್ ಕುಸಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಪಿಎಫ್ ಕಟ್ಟದಿದ್ದರೆ ನೋಟಿಸು ನಿಮಗೆ. ಕೆಲಸ ಮುಗಿದ ಮೇಲೂ ದೋಷ ಹೊಣೆಯ ಅವಧಿ ಇರುತ್ತದೆ. ಆ ಮಧ್ಯೆ ರಸ್ತೆ ಕುಸಿದರೆ ಸರಿ ಮಾಡಿಕೊಡಬೇಕಾದವರು ನೀವೇ, ಗೆಳೆಯ ಅಷ್ಟರಲ್ಲಿ ಬೇರೆ ಜಿಲ್ಲೆಯಲ್ಲಿರುತ್ತಾನೆ. ಅವನಿಗೆ ಸಹಾಯ ಮಾಡಲೇಬೇಕು ಅಂತಿದ್ದರೆ ಅವನ ಹೆಸರಿನಲ್ಲೇ ಕೆಳಗಿನ ದರ್ಜೆಯ ನೋಂದಣಿ ಮಾಡಿಸಿಕೊಡಿ. ಸಾಲ್ವೆನ್ಸಿ ಪತ್ರಕ್ಕೆ ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಬನ್ನಿ.